ಮಗುವಿನ ಚಿತ್ರವನ್ನು ಮಗುವೇ ಬರೆಯಲಿ



ಕಳೆದ ವರ್ಷ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಮುನ್ನೂರು ರೂಪಾಯಿ ಆಂತರಿಕ ಸಾಲ ಕೇಳಿದರು. ಯಾತಕ್ಕೆ ಅಂದರೆ, ಮೂರನೇ ತರಗತಿಯ ಮಗನ ಪ್ರಾಜೆಕ್ಟಿಗೆ. ಥರ್ಮಾಕೋಲ್, ಬಣ್ಣದ ಪೇಪರ್, ಗಮ್ಮು, ಮಿಂಚಿನ ಪುಡಿ ತರಬೇಕಿತ್ತು. "ಹೋದ ಸಲ ರಾತ್ರಿ ಹನ್ನೊಂದರ ತನಕ ನಾನೇ ಕೂತು ಮನೆ ಮಾಡಿದೆ ಸಿಸ್ಟರ್, ಅವನು ಮಲಗಿಬಿಟ್ಟಿದ್ದ" ಎಂದರು. ಎಲ್ಲರೂ ನಕ್ಕರು. ಯಾಕೆಂದರೆ ಎಲ್ಲರ ಮನೆಯ ಕಥೆಯೂ ಅದೇ.

ಹಾಗಾದರೆ ಮಾರ್ಕು ಬಂದದ್ದು ಯಾರಿಗೆ? ಕಲಿತವರು ಯಾರು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಎಲ್ಲಾ ಹಂತಗಳಲ್ಲೂ ಕಲೆ ಒಂದು ವಿಷಯವಾಗಿರಬೇಕು ಎಂದಿದೆ. ಮಗುವಿನ ಕೈ, ಕಣ್ಣು, ಯೋಚನೆ ಬೆಳೆಯಲಿ ಎಂಬುದಕ್ಕೆ ಕಲೆ ಬೇಕು, ತಾಯಿಯ ಕೈಚಳಕ ನೋಡುವುದಕ್ಕಲ್ಲ.

ದುಡ್ಡು ಕೊಟ್ಟು ಬಣ್ಣ ತರಬೇಕಾಗಿಯೂ ಇಲ್ಲ. ಸಾಗರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಕರಿಯಾಗುವಷ್ಟು ಹುರಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಎಲ್ಲವೂ ಮನೆ, ಹೊಲದ್ದೇ. ನಮ್ಮ ಮನೆಯಲ್ಲೂ ಇದ್ದಿಲು, ಬೀಟ್‌ರೂಟ್ ರಸ (ಬಿಸಿಲಿಗೆ ಬೇಗ ಮಾಸುತ್ತದೆ, ಆದರೂ ಚಂದ), ಅಡ್ಡ ಕೊಯ್ದ ಬೆಂಡೆಕಾಯಿ ಇರುತ್ತವೆ. ಬೆಂಡೆಕಾಯಿ ತುಂಡನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವಿನ ಅಚ್ಚು ಬೀಳುತ್ತದೆ. ಹಳೇ ಕ್ಯಾಲೆಂಡರ್, ಮದುವೆ ಕಾಗದದ ಹಿಂಬದಿ ಸಾಕು. ಅಂಟಿಸಲು ಮೈದಾ ಗಂಜಿ. ಕೆರೆಮಣ್ಣಿನ ಗೊಂಬೆಯನ್ನು ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಮಕ್ಕಳಿಗೆ ತುಂಬಾ ಇಷ್ಟವಾಗುವುದು ಅರಿಶಿನದ ಆಟ. ಅರಿಶಿನ ಕದಡಿದ ನೀರನ್ನು ಕಾಗದದ ತುಂಬ ಬಳಿದು ಒಣಗಿಸಿ. ಮಗು ಕಡ್ಡಿಗೆ ಹತ್ತಿ ಸುತ್ತಿ, ಬಟ್ಟೆ ಸೋಪಿನ ನೀರಿಗೆ ಅದ್ದಿ ಚಿತ್ರ ಬರೆಯಲಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ! ಅದರ ಮೇಲೆ ನಿಂಬೆರಸ ತಾಗಿದರೆ ಮತ್ತೆ ಹಳದಿ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದನ್ನು ನೀವು ಬಟ್ಟೆ ಒಗೆಯುವಾಗ ಎಷ್ಟು ಸಲ ನೋಡಿಲ್ಲ? ಆರತಿ ನೀರು ಕೆಂಪಾಗುವುದೂ ಸುಣ್ಣದಿಂದ, ಹೀಗೆಯೇ. ಸುಣ್ಣ, ಸೋಪುಗಳಲ್ಲಿ ಕ್ಷಾರವಿದೆ, ನಿಂಬೆಯಲ್ಲಿ ಹುಳಿ. ಚಿತ್ರದ ಜೊತೆ ವಿಜ್ಞಾನವೂ ಆಯಿತು. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಬಹಳ ಅಪಾಯ.

ಇನ್ನು ಚಿತ್ರ ನೋಡುವ ಬಗೆ. ಏಳೆಂಟು ವರ್ಷದ ಮಗು ಕೆಳಗೊಂದು ಗೆರೆ ಎಳೆದು ಅದನ್ನೇ ನೆಲ ಮಾಡುತ್ತದೆ, ಆಕಾಶ ಮೇಲೆ ಒಂದು ಪಟ್ಟಿ. ಅಮ್ಮ ಮನೆಗಿಂತ ದೊಡ್ಡವಳಾಗಿರಬಹುದು. ಇದು ತಪ್ಪಲ್ಲ. ಆ ವಯಸ್ಸಿನ ಮಕ್ಕಳು ತಮಗೆ ಮುಖ್ಯವಾದದ್ದನ್ನು ಹೆಚ್ಚಾಗಿ ದೊಡ್ಡದಾಗಿಯೇ ಬರೆಯುತ್ತಾರೆ. ರಬ್ಬರ್ ಹಿಡಿದು ತಿದ್ದಲು ಹೋಗಬೇಡಿ. "ಇದೇನು ಕತ್ತೆಯಾ, ನಾಯಿಯಾ?" ಎಂದರೆ ಮಗು ಮತ್ತೆ ಪೆನ್ಸಿಲ್ ಮುಟ್ಟುವುದಿಲ್ಲ. "ಇದರ ಕಥೆ ಹೇಳು ಮರಿ" ಅನ್ನಿ. ಬಾಯಲ್ಲಿ ಹೇಳಲಾಗದ ಹೆದರಿಕೆ, ಮನೆಯ ಜಗಳ ಕೆಲವೊಮ್ಮೆ ಆ ಕಥೆಯಲ್ಲಿ ಹೊರಬರುತ್ತದೆ. ಆಗ ಬೈಯದೆ ಕೇಳಿ. ಹಾಗಂತ ಕಪ್ಪು ಬಣ್ಣ ಹಚ್ಚಿದ ಕೂಡಲೇ ಗಾಬರಿ ಬೇಡ. ಬೇರೆ ಬಣ್ಣ ಮುಗಿದಿರಬಹುದು!

ಟೀಚರ್ ಥರ್ಮಾಕೋಲೇ ಬೇಕು ಅಂದರೆ? ನಿಮ್ಮಲ್ಲಿ ಎಸ್‌ಡಿಎಂಸಿ ಸದಸ್ಯರಾಗಿರುವವರು ಶಾಲೆಯ ಸಭೆಯಲ್ಲಿ ಮಾತನಾಡಿ. ಮಣ್ಣು, ಎಲೆ, ಹಳೇ ಕಾಗದದಲ್ಲಿ ಮಾಡಿದ್ದನ್ನೂ ಒಪ್ಪಿ, ಸೊಟ್ಟಗಿದ್ದರೂ ಮಗುವೇ ಮಾಡಿದ್ದಕ್ಕೆ ಮಾರ್ಕು ಕೊಡಿ ಎಂದು ಕೇಳಿ. ಒಬ್ಬರೇ ಹೇಳುವುದಕ್ಕಿಂತ ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗುವುದು ಒಳ್ಳೆಯದು.

ಮುಂದಿನ ತಿಂಗಳ ಸಭೆಗೆ ಮಕ್ಕಳು ಬರೆದ ಚಿತ್ರಗಳನ್ನು ತನ್ನಿ, ಗೋಡೆಗೆ ಅಂಟಿಸೋಣ. ಬಹುಮಾನ ಇಲ್ಲ, ಒಂದನೇ ಎರಡನೇ ಸ್ಥಾನವೂ ಇಲ್ಲ. ಗಂಜಿ ಅಂಟು ನಾನು ತರುತ್ತೇನೆ.