ಶಸ್ತ್ರಚಿಕಿತ್ಸೆ ಒಗ್ಗದ ಕುತ್ತಿಗೆನೋವು

ಹಗಲೆಲ್ಲ ತಲೆಯ ಭಾರ ಹೊರುವ ಕುತ್ತಿಗೆಯನ್ನು, ಅದು ನೋಯುವವರೆಗೆ ಯಾರೂ ನೆನೆಯುವುದಿಲ್ಲ. ಬಾಲ್ಯದಿಂದ ಪಾಠಶಾಲೆಯ ನೆಲದ ಮೇಲೆ ಕುಳಿತು ಓದಿ, ಮುಂದೆ ನಾಲ್ಕು ದಶಕ ಓಲೆಗರಿಗಳ ಮೇಲೆ ಬಾಗಿದ ನಮಗೆ ಈ ಅರಿವು ಬಂದುದು ಅರವತ್ತರ ಹೊಸ್ತಿಲಲ್ಲಿ. ಬೆಳಿಗ್ಗೆ ಕುತ್ತಿಗೆ ಮರಗಟ್ಟುತ್ತಿತ್ತು. ಸಂಜೆಗೆ ನೋವು ಬಲತೋಳಿಗಿಳಿದು ಬೆರಳುಗಳಲ್ಲಿ ಜೋಮು ಹಿಡಿಯುತ್ತಿತ್ತು. ತಜ್ಞರು ಪರೀಕ್ಷಿಸಿ, "ನಿಮ್ಮ ಹೃದಯ ದುರ್ಬಲವಾಗಿದೆ, ಶಸ್ತ್ರಚಿಕಿತ್ಸೆ ಅಪಾಯ. ಬೆನ್ನುಹುರಿಗೆ ಒತ್ತಡವಿಲ್ಲದ್ದರಿಂದ ಸದ್ಯ ಅದರ ಅಗತ್ಯವೂ ಇಲ್ಲ" ಎಂದರು. ಸಂಪಾದನೆಗೆ ಕೈಹಚ್ಚಿದ ಗ್ರಂಥವೊಂದು ಅರ್ಧಕ್ಕೆ ನಿಂತಿತ್ತು. ಅದಿನ್ನು ಮುಗಿಯದೆಂದು ನಾವು ಎದೆಗುಂದಿದೆವು.

ಸವೆಯುವುದೇನು?

ಕುತ್ತಿಗೆಯಲ್ಲಿ 7 ಮಣಿಮೂಳೆಗಳಿವೆ. ಅವುಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳು ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತವೆ; ಮೂಳೆಯ ಅಂಚು ಬೆಳೆದು ಕೆಲವೊಮ್ಮೆ ನರವನ್ನು ಒತ್ತುತ್ತದೆ. ಇದನ್ನೇ ಸರ್ವೈಕಲ್ ಸ್ಪಾಂಡಿಲೋಸಿಸ್ ಎನ್ನುವರು. 60 ದಾಟಿದ ಬಹುಪಾಲು ಜನರ ಎಕ್ಸ್-ರೇಯಲ್ಲಿ ಈ ಸವಕಳಿ ಕಾಣುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ಆದುದರಿಂದ ಚಿತ್ರವನ್ನು ಕಂಡೇ ಹೆದರಬೇಕಾಗಿಲ್ಲ.

ತಲೆಯ ತೂಕ ಸುಮಾರು 5 ಕಿಲೋ. ಅದನ್ನು 60 ಡಿಗ್ರಿ ಬಾಗಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಭಾರ ಸುಮಾರು 27 ಕಿಲೋ ಎಂದು ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ನಾವು ಓಲೆಗರಿಯ ಮೇಲೆ ಬಾಗಿದಂತೆ ಇಂದಿನ ಮಕ್ಕಳು ಮೊಬೈಲಿನ ಮೇಲೆ ಬಾಗುತ್ತಿದ್ದಾರೆ.

ನಿತ್ಯದ ನೇಮ

ಫಿಸಿಯೋಥೆರಪಿಯವರು ನಮಗೆ ಮೂರು ಅಭ್ಯಾಸಗಳನ್ನು ಕಲಿಸಿದರು. ಒಂದು, ನೇರ ಕುಳಿತು ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಸರಿಸಿ, ಐದು ಎಣಿಸುವವರೆಗೆ ಹಿಡಿಯುವುದು. ಎರಡು, ಅಂಗೈಯನ್ನು ಹಣೆಗಿಟ್ಟು, ತಲೆ ಅಲುಗದಂತೆ ಒಂದನ್ನೊಂದು ಮೆಲ್ಲಗೆ ಒತ್ತುವುದು. ಹಾಗೆಯೇ ಹಿಂದಲೆಗೂ ಎರಡು ಪಕ್ಕಗಳಿಗೂ. ಮೂರು, ಹೆಗಲಿನ ಹಿಂಬದಿಯ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಬಿಡುವುದು. ಒಂದೊಂದನ್ನೂ ಹತ್ತು ಬಾರಿ, ಉಸಿರು ಬಿಗಿಹಿಡಿಯದೆ ಮಾಡಬೇಕು. ನೋವು ತೋಳಿಗೆ ಇನ್ನಷ್ಟು ಹರಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೊದಲ ಕೆಲವು ವಾರ ಯಾವ ಗುಣವೂ ಕಾಣದೆ ನಾವು ಕೈಬಿಡುವವರಿದ್ದೆವು. ಮೂರನೆಯ ತಿಂಗಳಲ್ಲಿ ಕುತ್ತಿಗೆ ಸಡಿಲಾಯಿತು. ವ್ಯಾಸಪೀಠವನ್ನು ಮೇಜಿನ ಮೇಲೇರಿಸಿ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ತಂದೆವು. ಅರ್ಧ ಗಂಟೆಗೊಮ್ಮೆ ಎದ್ದು ನಡೆದೆವು. ಎರಡು ದಿಂಬು ಬಿಟ್ಟು ತೆಳುವಾದ ಒಂದನ್ನೇ ಇಟ್ಟುಕೊಂಡೆವು. ನೋವು ಹೆಚ್ಚಿದ ದಿನ ಹದವಾದ ಬಿಸಿನೀರಿನ ಚೀಲದಿಂದ ಹದಿನೈದು ನಿಮಿಷ ಕಾವು ಕೊಡುತ್ತೇವೆ.

ಬೇಡವಾದುವು

ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ಲಟಿಕೆ ತೆಗೆಸುವ ರೂಢಿ ಬೇಡವೇ ಬೇಡ. ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಲಕ್ವ ಹೊಡೆದ ನಿದರ್ಶನಗಳಿವೆ. ಕೊರಳಪಟ್ಟಿಯನ್ನು ವಾರಗಟ್ಟಲೆ ಧರಿಸಿದರೆ ಸ್ನಾಯುಗಳೇ ಸೊರಗುತ್ತವೆ. ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳಲ್ಲಿ ಹಲವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಹೃದ್ರೋಗಿಗಳಿಗಂತೂ ಹೆಚ್ಚು ಅಪಾಯಕಾರಿ. ನರದ ನೋವಿಗೆ ಬೇರೆಯೇ ಔಷಧಿಗಳುಂಟು. ಅವನ್ನು ವೈದ್ಯರೇ ನಿರ್ಧರಿಸಬೇಕು.

ತಡಮಾಡಬಾರದ ಲಕ್ಷಣಗಳು

ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಕೈಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಬಿದ್ದ ಪೆಟ್ಟಿನ ಬಳಿಕ ಬಂದ ನೋವು, ಜ್ವರ ಅಥವಾ ತೂಕ ಇಳಿಯುವುದರೊಡನೆ ಬಂದ ನೋವು ಕೂಡ ಲಘುವಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದು ಹಿಂದೊಮ್ಮೆ ಹೇಳಿದ್ದರೂ ಅಂಥ ಹೊತ್ತಿನಲ್ಲಿ ಆ ತೀರ್ಮಾನವನ್ನು ವೈದ್ಯರು ಮರಳಿ ತೂಗಿನೋಡಬೇಕಾಗುತ್ತದೆ.

ನಮ್ಮ ನೋವು ಪೂರ್ತಿ ಹೋಗಿಲ್ಲ. ಹೋಗುವುದೆಂಬ ಹಟವನ್ನೂ ನಾವು ಬಿಟ್ಟಿದ್ದೇವೆ. ಆದರೆ ನಿಂತ ಗ್ರಂಥ ಮತ್ತೆ ಮುಂದುವರಿದಿದೆ, ದಿನಕ್ಕೆರಡು ಗರಿಯಂತೆ. ಮನೆಯ ಹಿರಿಯರು ಕುತ್ತಿಗೆ ಹಿಡಿದು ಕುಳಿತರೆ "ವಯಸ್ಸಾಯಿತು, ಸಹಿಸಿಕೊಳ್ಳಿ" ಎನ್ನದೆ, ಅವರು ಓದುವ ಪುಸ್ತಕವನ್ನು ಒಂದು ಗೇಣು ಎತ್ತರಿಸಿ ಕೊಡಿರಿ. ಆರೈಕೆ ಅಲ್ಲಿಂದಲೇ ಮೊದಲಾಗಲಿ.