ಅಂಗೈ ಪರದೆಯಲ್ಲಿ ಸಿಕ್ಕಿಬಿದ್ದ ಹೆಲಿಕಾಪ್ಟರ್

ಮೇಘಮಲೆಗೆ ಏರುವ ರಸ್ತೆಯ ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ನಮ್ಮ ಕಂಬಂ ಕಣಿವೆ ಹಾಸಿದ ಜಮಖಾನದಂತೆ ಕಾಣುತ್ತದೆ. ಗದ್ದೆ, ತೆಂಗಿನ ತೋಟ, ದ್ರಾಕ್ಷಿಯ ಚಪ್ಪರ, ಆಚೆಗೆ ಕೇರಳದ ಗಡಿಯ ಬೆಟ್ಟಸಾಲು. ಅದೇ ಜಾಗದಲ್ಲಿ ನಿಂತು, ನೋಟ್ ಪುಸ್ತಕವನ್ನು ಕೊಳವೆಯಂತೆ ಸುತ್ತಿ ಒಂದು ಕಣ್ಣಿಗೆ ಹಿಡಿದು ನೋಡಿರಿ. ಕಣಿವೆ ಬದಲಾಗಿಲ್ಲ. ಆದರೆ ಈಗ ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದೇ ತಿಳಿಯದು. ದೊಡ್ಡ ಪರದೆಗೆಂದು ಮಾಡಿದ ಒಂದು ಹೆಲಿಕಾಪ್ಟರ್ ಆಟವನ್ನು ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೆ ಇಳಿಸಿದಾಗ ಆದದ್ದೂ ಇದೇ. ಅದು ಏಕೆ ಹಾಗಾಯಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹೆಲಿಕಾಪ್ಟರಿನ ಹಿರಿಯ ವಿಡಿಯೋ ಆಟಗಳಲ್ಲೊಂದು 'ಚಾಪ್‌ಲಿಫ್ಟರ್'. 1982ರಲ್ಲಿ ಅಮೆರಿಕದ ಡ್ಯಾನ್ ಗಾರ್ಲಿನ್ ಎಂಬುವರು ಇದನ್ನು ಆಪಲ್ 2 ಕಂಪ್ಯೂಟರಿಗಾಗಿ ರಚಿಸಿದರು. ಅದರಲ್ಲಿ ಸೆರೆ ಸಿಕ್ಕ 64 ಜನರನ್ನು ಹತ್ತಿಸಿಕೊಂಡು ತರಬೇಕು. ಒಂದು ಸಲಕ್ಕೆ 16 ಜನರಿಗೆ ಮಾತ್ರ ಜಾಗ. ಗುಂಡು ಹಾರಿಸಬಹುದು, ಆದರೆ ನಮ್ಮ ಗುಂಡೇ ಆ ಬಡಪಾಯಿಗಳಿಗೆ ತಗಲಬಹುದು. ಅವಸರದಲ್ಲಿ ಇಳಿದರೆ ಹೆಲಿಕಾಪ್ಟರ್ ಅವರ ಮೇಲೆಯೇ ಕೂರಬಹುದು. ಹತ್ತು ವರ್ಷಗಳ ಅನಂತರ, 1992ರಲ್ಲಿ, ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು 'ಡೆಸರ್ಟ್ ಸ್ಟ್ರೈಕ್' ಎಂಬ ಆಟವನ್ನು ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರಕ್ಕೆ ತಂದಿತು. ಇದರಲ್ಲಿ ಮರಳುಗಾಡನ್ನು ಓರೆಯಾಗಿ ಮೇಲಿನಿಂದ ನೋಡುತ್ತೇವೆ. ಇಂಧನ ಇಳಿಯುತ್ತಲೇ ಇರುತ್ತದೆ. ಮೊದಲು ವೈರಿಯ ರಾಡಾರನ್ನು ಕೆಡಿಸದೆ ಮುಂದೆ ನುಗ್ಗಿದರೆ ಪೆಟ್ಟು ತಪ್ಪದು. ದಾರಿ ತಪ್ಪಿದ ಸೈನಿಕರನ್ನೂ ಸೆರೆಯಾಳುಗಳನ್ನೂ ಎತ್ತಿಕೊಂಡು ಬರಬೇಕು. ಹೊರನೋಟಕ್ಕೆ ಗುಂಡಿನ ಆಟವಾದರೂ ಒಳಗೆ ಇದು ನೋಡಿ ಯೋಚಿಸುವ ಆಟ.

ಜನರನ್ನು ಎತ್ತಿ ತರುವ ಕೆಲಸ ನಿಜಜೀವನದಲ್ಲಿ ಎಷ್ಟು ಕಠಿಣವೆಂಬುದನ್ನು ತೇನಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2018ರ ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಿರುವ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚು ಹಬ್ಬಿ, ಚಾರಣಕ್ಕೆ ಬಂದವರು ಸಿಕ್ಕಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಆದರೂ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಂಥಲ್ಲಿ ವಿಮಾನಚಾಲಕನಿಗೆ ಮೊದಲು ಬೇಕಾದದ್ದು ಕಾಣುವುದು: ಜನ ಎಲ್ಲಿದ್ದಾರೆ, ಇಳಿಯಲು ಜಾಗವಿದೆಯೇ, ಗಾಳಿ ಹೊಗೆಯನ್ನು ಯಾವ ಕಡೆಗೆ ತಳ್ಳುತ್ತಿದೆ. ಆಟವನ್ನು ಇದರೊಡನೆ ಹೋಲಿಸುವುದು ತರವಲ್ಲ. ಆದರೆ ಒಳ್ಳೆಯ ಹೆಲಿಕಾಪ್ಟರ್ ಆಟವೂ ಈ ಕಾಣುವಿಕೆಯ ಮೇಲೆಯೇ ನಿಂತಿದೆ ಎಂಬುದನ್ನು ಮರೆಯಬಾರದು.

ಇನ್ನು ಲೆಕ್ಕಕ್ಕೆ ಬರೋಣ. ಪರದೆಯ ಚಿತ್ರವೆಲ್ಲ ಚುಕ್ಕೆಗಳಿಂದ ಆದದ್ದು. ಇವುಗಳನ್ನು ಪಿಕ್ಸೆಲ್ ಎನ್ನುತ್ತಾರೆ. ಮೆಗಾ ಡ್ರೈವ್ ಯಂತ್ರ ಟಿ.ವಿ. ಪರದೆಯ ಮೇಲೆ ಅಡ್ಡಕ್ಕೆ 320, ಉದ್ದಕ್ಕೆ 224 ಚುಕ್ಕೆಗಳನ್ನು ಮೂಡಿಸಬಲ್ಲದು, ಒಟ್ಟು 71,680. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಕೈಯಂತ್ರ (1989) ತೋರಿಸುವುದು 160ಕ್ಕೆ 144, ಎಂದರೆ 23,040. ಮೂರನೆಯ ಒಂದು ಪಾಲೂ ಆಗಲಿಲ್ಲ! 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸಿನಲ್ಲಿ 240ಕ್ಕೆ 160, ಎಂದರೆ 38,400. ಅರ್ಧಕ್ಕಿಂತ ತುಸು ಹೆಚ್ಚು. ಡೆಸರ್ಟ್ ಸ್ಟ್ರೈಕ್ ಈ ಎರಡಕ್ಕೂ ಬಂತು. ಅಡ್ವಾನ್ಸಿಗೆ ಬಂದದ್ದು 2002ರಲ್ಲಿ.

ಮನೆಯ ಮುಂದೆ ಚುಕ್ಕೆ ರಂಗೋಲಿ ಹಾಕುವವರಿಗೆ ಈ ಕಷ್ಟ ಒಡನೆಯೇ ಅರ್ಥವಾದೀತು. ಹದಿನೈದು ಚುಕ್ಕೆಯ ರಂಗೋಲಿಯನ್ನು ಒಂಬತ್ತು ಚುಕ್ಕೆಯ ಜಾಗದಲ್ಲಿ ಹಾಕು ಎಂದರೆ ಎರಡೇ ದಾರಿ. ಅಂಚನ್ನು ಕತ್ತರಿಸಬೇಕು, ಇಲ್ಲವೆ ಒಳಗಿನ ಸುಳಿಗಳನ್ನು ಬಿಟ್ಟುಕೊಡಬೇಕು. ಆಟದಲ್ಲಿಯೂ ಅಷ್ಟೆ. ಹೆಲಿಕಾಪ್ಟರಿನ ಗಾತ್ರವನ್ನು ಹಾಗೆಯೇ ಉಳಿಸಿದರೆ ಸುತ್ತಲಿನ ನೆಲ ಕಾಣದು. ನೆಲ ಕಾಣಲೆಂದು ಎಲ್ಲವನ್ನೂ ಕುಗ್ಗಿಸಿದರೆ ಟ್ಯಾಂಕು ಯಾವುದು, ಮನುಷ್ಯ ಯಾರು ಎಂದು ಗುರುತು ಹತ್ತದು.

ಅಂಚು ಕತ್ತರಿಸಿದರೆ ನಷ್ಟವಾಗುವುದು ಚಂದ ಮಾತ್ರವಲ್ಲ, ಕಾಲವೂ ಹೌದು. ಹೆಲಿಕಾಪ್ಟರ್ ಪರದೆಯ ನಡುವೆ ಇದ್ದು, ಸೆಕೆಂಡಿಗೆ 80 ಚುಕ್ಕೆಗಳಷ್ಟು ಬಲಕ್ಕೆ ಹಾರುತ್ತಿದೆ ಎಂದು ಇಟ್ಟುಕೊಳ್ಳಿ. ಟಿ.ವಿ.ಯ ಮೇಲೆ ಮುಂದೆ 160 ಚುಕ್ಕೆಗಳಷ್ಟು ನೆಲ ಕಾಣುತ್ತದೆ. ವೈರಿ ಕಂಡ ಮೇಲೆ ನಿಮಗೆ ಎರಡು ಸೆಕೆಂಡು ಸಿಕ್ಕಿತು. ಅಡ್ವಾನ್ಸಿನಲ್ಲಿ 120 ಚುಕ್ಕೆ, ಒಂದೂವರೆ ಸೆಕೆಂಡು. ಗೇಮ್ ಬಾಯಿನಲ್ಲಿ 80 ಚುಕ್ಕೆ, ಒಂದೇ ಸೆಕೆಂಡು. ಎರಡು ಸೆಕೆಂಡಿನಲ್ಲಿ ನೋಡಿ, ತಿಳಿದು, ತಪ್ಪಿಸಿಕೊಳ್ಳಬಹುದು. ಒಂದು ಸೆಕೆಂಡಿನಲ್ಲಿ ಆಗುವುದು ಒಂದೇ ಕೆಲಸ: ಕಂಡದ್ದಕ್ಕೆಲ್ಲ ಗುಂಡು ಹಾರಿಸುವುದು. ಹೀಗೆ, ಯಾರೂ ಬಯಸದಿದ್ದರೂ, ಜನರನ್ನು ಉಳಿಸುವ ಆಟ ಬರಿಯ ಸುಡುವ ಆಟವಾಗಿಬಿಡುತ್ತದೆ. ನನಗೆ ನಿರಾಸೆಯಾದದ್ದು ಇದಕ್ಕೇ. ಬಣ್ಣ ಕಡಿಮೆಯಾದದ್ದನ್ನು ಸಹಿಸಬಹುದಿತ್ತು.

ಬಣ್ಣದ ಮಾತು ಬಂದದ್ದರಿಂದ ಹೇಳುತ್ತೇನೆ. ಗೇಮ್ ಬಾಯಿಗೆ ಇದ್ದದ್ದು ನಾಲ್ಕೇ ಛಾಯೆಗಳು. ಮರಳು, ರಸ್ತೆ, ಕಟ್ಟಡ, ವಾಹನ ಎಲ್ಲವೂ ಆ ನಾಲ್ಕರಲ್ಲೇ ಮುಗಿಯಬೇಕು. ಪರದೆಗೆ ಸ್ವಂತ ಬೆಳಕೂ ಇರಲಿಲ್ಲ. ಮೊದಲ ಅಡ್ವಾನ್ಸಿಗೂ ಇರಲಿಲ್ಲ. ಇನ್ನು ಗುಂಡಿಗಳು: ಡೆಸರ್ಟ್ ಸ್ಟ್ರೈಕಿನ ಹೆಲಿಕಾಪ್ಟರಿಗೆ ಮೂರು ಬಗೆಯ ಆಯುಧ, ಮೆಗಾ ಡ್ರೈವಿನ ಹಿಡಿಗೆ ಮೂರು ಗುಂಡಿ. ಗೇಮ್ ಬಾಯಿನ ಬಲಗಡೆ ಎರಡೇ ಗುಂಡಿ. ಹೊಂದಿಕೆ ಹೇಗೆ ತಪ್ಪಿತೆಂದು ಬಿಡಿಸಿ ಹೇಳಬೇಕೆ?

ಹಾಗೆಂದು ಪುಟ್ಟ ಯಂತ್ರವೇ ಕೀಳೆಂದು ತಿಳಿಯಬೇಡಿ. ಅದೇ ಗೇಮ್ ಬಾಯಿನಲ್ಲಿ 'ಟೆಟ್ರಿಸ್' ಎಂಬ ಆಟ ಜಗತ್ತನ್ನೇ ಗೆದ್ದಿತು. ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆ ಆಟದ ಅಂಗಳ 10 ಮನೆ ಅಗಲ, 18 ಮನೆ ಎತ್ತರ. ಒಂದೊಂದು ಮನೆಗೆ 8 ಚುಕ್ಕೆ. ಹದಿನೆಂಟು ಎಂಟಲ 144, ಪರದೆಯ ಎತ್ತರಕ್ಕೆ ಸರಿಯಾಗಿ ಹೊಂದಿತು. ಅಂಗಳವೆಲ್ಲ ಕಣ್ಣೆದುರಿಗೇ ಇರುವುದರಿಂದ ಮರೆಯಾದದ್ದು ಒಂದೂ ಇಲ್ಲ.

ತಾಯ್ತಂದೆಯರು ಕೇಳಬಹುದು, ಈಗಿನ ಮೊಬೈಲ್ ಫೋನಿನಲ್ಲಿ ಈ ತೊಂದರೆ ಇದೆಯೇ ಎಂದು. ಚುಕ್ಕೆಗಳಿಗೆ ಬರವಿಲ್ಲ, ಹಳೆಯ ಮೆಗಾ ಡ್ರೈವಿಗಿಂತ ಎಷ್ಟೋ ಪಟ್ಟು ಹೆಚ್ಚಿವೆ. ಆದರೆ ಗುಂಡಿಗಳು ಗಾಜಿನ ಮೇಲೆಯೇ ಕುಳಿತಿವೆ. ಎರಡು ಹೆಬ್ಬೆರಳುಗಳನ್ನು ಇಟ್ಟೊಡನೆ ಕೆಳಗಿನ ಮೂಲೆಗಳೆರಡೂ ಮುಚ್ಚಿಹೋಗುತ್ತವೆ. ಹಳೆಯ ಹೆಲಿಕಾಪ್ಟರ್ ಆಟವೊಂದನ್ನು ಫೋನಿಗೆ ಇಳಿಸಿಕೊಳ್ಳುವ ಮುನ್ನ ಬೆರಳುಗಳನ್ನು ಪರದೆಯ ಮೇಲಿಟ್ಟು ನೋಡಿರಿ. ಉಳಿದ ನೆಲ ಎಷ್ಟೆಂದು ಅಳತೆಪಟ್ಟಿಯಿಂದಲೇ ಅಳೆಯಬಹುದು.