ಪರರಕ್ತವೂ ಶ್ವಾಸಕೋಶವೂ

ಬಾಣಂತಿಯ ರಕ್ತಸ್ರಾವ, ರಸ್ತೆಯ ಅಪಘಾತ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಒಂದಿಲ್ಲೊಂದು ಕಾರಣದಿಂದ ಮನೆಯವರಿಗೆ ಪರರಕ್ತವನ್ನು ಕೊಡಿಸಬೇಕಾದ ಸಂದರ್ಭವು ಯಾವ ಗೃಹಸ್ಥನಿಗಾದರೂ ಒದಗಬಹುದು. ಆಗ ನಾವು ಕೇಳುವುದು ಒಂದೇ ಪ್ರಶ್ನೆ: “ಗುಂಪು ಹೊಂದಿತೇ?” ಹೊಂದಿತೆಂದರೆ ನಿಶ್ಚಿಂತರಾಗುವೆವು. ಗುಂಪು ಹೊಂದಿದ ಮೇಲೂ ಕೆಲವು ಗಂಟೆಗಳ ಎಚ್ಚರ ಅವಶ್ಯವೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ರಕ್ತದಲ್ಲಿ ಗುಂಪುಗಳುಂಟೆಂಬುದನ್ನು 1901 ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿದ್ವಾಂಸರು ಪ್ರಕಟಿಸಿದರು. 1930 ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಈ ಗುಂಪುಗಳು ಕೆಂಪು ಕಣಗಳಿಗೆ ಸಂಬಂಧಿಸಿದವು. ಬಿಳಿಯ ಕಣಗಳಿಗೂ ತಮ್ಮವೇ ಆದ ಗುರುತುಗಳುಂಟು; ರಕ್ತ ಕೊಡುವಾಗ ಅವನ್ನು ಹೊಂದಿಸಿ ನೋಡುವ ವಾಡಿಕೆಯಿಲ್ಲ. ದಾನಿಯ ರಕ್ತದ್ರವದಲ್ಲಿ ಆ ಗುರುತುಗಳಿಗೆ ವಿರೋಧಿಯಾದ ಪ್ರತಿಕಾಯಗಳಿದ್ದರೆ, ಅವು ರೋಗಿಯ ಬಿಳಿಯ ಕಣಗಳನ್ನು ಕೆರಳಿಸಬಹುದು. ಕೆರಳಿದ ಕಣಗಳು ಶ್ವಾಸಕೋಶದ ಅತಿಸೂಕ್ಷ್ಮ ನಾಳಗಳಲ್ಲಿ ನೆರೆದು ಅವುಗಳ ಗೋಡೆಗಳನ್ನು ಕೆಡಿಸುತ್ತವೆ. ನೀರು ಒಸರಿ ಗಾಳಿಯ ಚೀಲಗಳನ್ನು ತುಂಬುತ್ತದೆ. ವೈದ್ಯರು ‘ಟ್ರಾಲಿ’ ಎನ್ನುವ ಇದನ್ನು ನಾವು ರಕ್ತಪೂರಣಜನ್ಯ ಶ್ವಾಸಕೋಶಾಘಾತವೆನ್ನಬಹುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಾವು ಕೆರೆಗಳ ಸೀಮೆಯವರು. ರಕ್ತವನ್ನು ಅತಿಯಾಗಿ ಅಥವಾ ಅತಿವೇಗವಾಗಿ ಕೊಟ್ಟರೂ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಅದು ಕೆರೆ ತುಂಬಿ ಕೋಡಿ ಹರಿದಂತೆ. ಟ್ರಾಲಿಯಾದರೋ, ಕೆರೆ ತುಂಬದಿದ್ದರೂ ಏರಿಯೇ ಬಿರುಕುಬಿಟ್ಟು ಸೋರಿದಂತೆ. ಮೊದಲನೆಯದಕ್ಕೆ ಮೂತ್ರವನ್ನು ಹೆಚ್ಚಿಸುವ ಔಷಧವು ಗುಣಕಾರಿ. ಎರಡನೆಯದಕ್ಕೆ ಅದರಿಂದ ಪ್ರಯೋಜನವಿಲ್ಲ, ರಕ್ತದ ಒತ್ತಡ ಕುಗ್ಗಿರುವಾಗ ಹಾನಿಯೂ ಆದೀತು. ಈ ಭೇದದ ನಿರ್ಣಯವು ವೈದ್ಯರಿಗೇ ಸೇರಿದುದು.

ಪ್ರತಿಕಾಯಗಳು ದಾನಿಯಲ್ಲಿ ಹುಟ್ಟುವ ಬಗೆಯು ವಿಸ್ಮಯಕರವಾದುದು. ಗರ್ಭಸ್ಥ ಶಿಶುವು ತಂದೆಯಿಂದ ಪಡೆದ ಗುರುತುಗಳನ್ನು ತಾಯಿಯ ದೇಹವು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ರಚಿಸಿಕೊಳ್ಳುವುದುಂಟು. ಹಲವು ಬಾರಿ ಗರ್ಭ ಧರಿಸಿದವರಲ್ಲಿ ಇದು ಹೆಚ್ಚು. ಇದು ದೋಷವಲ್ಲ, ಮಾತೃತ್ವದ ಗುರುತು. ದಾನಿಯನ್ನು ಇದಕ್ಕಾಗಿ ನಿಂದಿಸುವುದು ಸಲ್ಲದು. ಇದನ್ನರಿತು ಬ್ರಿಟನ್ನಿನಲ್ಲಿ 2003 ರಿಂದ ರೋಗಿಗಳಿಗೆ ಕೊಡುವ ರಕ್ತದ್ರವವನ್ನು ಬಹುಮಟ್ಟಿಗೆ ಪುರುಷರಿಂದಲೇ ಪಡೆಯತೊಡಗಿದರು. ಟ್ರಾಲಿಯ ಪ್ರಸಂಗಗಳು ಗಣನೀಯವಾಗಿ ತಗ್ಗಿದವು. ನಮ್ಮ ದೇಶದಲ್ಲಿಯೂ ಇಂತಹ ದುಷ್ಪರಿಣಾಮಗಳ ವರದಿಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮವು 2012 ರ ಡಿಸೆಂಬರಿನಲ್ಲಿ ಆರಂಭವಾಯಿತು.

ಲಕ್ಷಣಗಳು ರಕ್ತ ಕೊಡುತ್ತಿರುವಾಗಲೇ, ಇಲ್ಲವೆ ಮುಗಿದ ಆರು ಗಂಟೆಗಳೊಳಗೆ ತೋರುತ್ತವೆ. ಏದುಸಿರು, ತುಟಿ ಉಗುರುಗಳು ನೀಲಿಯಾಗುವುದು, ಜ್ವರ, ನಡುಕ ಇವುಗಳಲ್ಲಿ ಯಾವುದು ಕಂಡರೂ, ನಿಶ್ಶಕ್ತಿಯೆಂದು ಸುಮ್ಮನಿರದೆ ದಾದಿಗೆ ಒಡನೆಯೇ ತಿಳಿಸಬೇಕು. ರಕ್ತವು ಇನ್ನೂ ಹೋಗುತ್ತಿದ್ದರೆ ಅವರು ಮೊದಲು ಅದನ್ನು ನಿಲ್ಲಿಸುವರು, ಆಮ್ಲಜನಕವನ್ನು ಕೊಡುವರು, ಅವಶ್ಯವಾದರೆ ಉಸಿರಾಟದ ಯಂತ್ರವನ್ನೂ ಅಳವಡಿಸುವರು. ಬಹುಮಂದಿ ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುವರು; ಉಳಿಯದವರೂ ಉಂಟು. ಆದುದರಿಂದ ರಕ್ತ ಮುಗಿದೊಡನೆ ರೋಗಿಯನ್ನು ಹಳ್ಳಿಗೆ ಕರೆದೊಯ್ಯಲು ವೈದ್ಯರನ್ನು ಅವಸರಪಡಿಸಬಾರದು. ಮನೆ ಸೇರಿದ ಮೇಲೆ ಉಸಿರು ಕಟ್ಟಿದರೆ, ಮನೆಮದ್ದಿಗೆ ಕೈಹಾಕದೆ ಕೂಡಲೇ ಆಸ್ಪತ್ರೆಗೆ ಮರಳಬೇಕು.

ಇದನ್ನೋದಿ ಯಾರೂ ರಕ್ತಕ್ಕೆ ಅಂಜಬೇಕಾಗಿಲ್ಲ. ಸಾವಿರಾರು ಸಲ ರಕ್ತ ಕೊಟ್ಟಾಗ ಎಲ್ಲೋ ಒಮ್ಮೆ ಸಂಭವಿಸುವ ವಿಪತ್ತಿದು. ರಕ್ತ ದೊರೆಯದೆ ಆಗುವ ಪ್ರಾಣಹಾನಿಯು ಇದಕ್ಕಿಂತ ಬಹಳ ಹೆಚ್ಚಿನದು. ಕೊಡಬಲ್ಲವರು ರಕ್ತವನ್ನು ಕೊಡಲಿ. ಪಡೆದವರ ಬಳಿ ಮನೆಯವರೊಬ್ಬರು ಆರು ಗಂಟೆಗಳ ಕಾಲ ಕಣ್ಣಿಟ್ಟು ಕುಳಿತಿರಲಿ.